ಬಿಸಿಯಾಗದ ಮೈಕ್ರೋವೇವ್: ಮ್ಯಾಗ್ನೆಟ್ರಾನ್ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ

ತಟ್ಟೆ ತಿರುಗುತ್ತದೆ, ಒಳಗಿನ ದೀಪ ಉರಿಯುತ್ತದೆ, ಫ್ಯಾನ್ ಸದ್ದು ಮಾಡುತ್ತದೆ. ಎರಡು ನಿಮಿಷ ಬಿಟ್ಟು ತೆಗೆದು ನೋಡಿದರೆ ಬಟ್ಟಲಿನ ಕುಂದಾ ಇಟ್ಟಾಗ ಇದ್ದಷ್ಟೇ ತಣ್ಣಗಿರುತ್ತದೆ. ಇಂಥ ಓವನ್ ಕಂಡ ಕೂಡಲೇ ‘ಮ್ಯಾಗ್ನೆಟ್ರಾನ್ (ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಭಾಗ) ಹೋಗಿದೆ’ ಎಂದು ತೀರ್ಪು ಕೊಡುವವರನ್ನು ಬೆಳಗಾವಿಯಲ್ಲಿ ಬಹಳ ನೋಡಿದ್ದೇನೆ. ದುಬಾರಿ ಭಾಗ ಬದಲಾದರೂ ಓವನ್ ಬಿಸಿಯಾಗುವುದಿಲ್ಲ, ಏಕೆಂದರೆ ಕೆಟ್ಟಿದ್ದು ಅದರ ಪಕ್ಕದಲ್ಲಿರುವ ಬೆರಳುದ್ದದ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಆಗಿರುತ್ತದೆ. ಮುಂದೆ ಹೇಳುವ ಪರೀಕ್ಷೆಗಳು ಭಾರದ ಟ್ರಾನ್ಸ್‌ಫಾರ್ಮರ್ ಇರುವ ಓವನ್‌ಗಳಿಗೆ ಮಾತ್ರ. ಅದರ ಬದಲು ಎಲೆಕ್ಟ್ರಾನಿಕ್ ಬೋರ್ಡ್ ಇರುವ ಇನ್ವರ್ಟರ್ ಮಾದರಿಗಳ ಲೆಕ್ಕವೇ ಬೇರೆ. ವಿದ್ಯುತ್ ಕೆಲಸದಲ್ಲಿ ಕೈ ಪಳಗದವರು ಓವನ್ನಿನ ಹೊದಿಕೆ ಬಿಚ್ಚಲೇಬಾರದು.

ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಹೊದಿಕೆ ತೆಗೆದ ಮೇಲೆ ಕೈ ಹಾಕುವ ಮುನ್ನ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿ ಮಾಡಬೇಕು. ಸುಮಾರು 1 ಮೈಕ್ರೋಫ್ಯಾರಡ್‌ನ ಈ ಡಬ್ಬಿಯಲ್ಲಿ ಪ್ಲಗ್ ಕಿತ್ತ ಮೇಲೂ 2,000 ವೋಲ್ಟ್‌ಗೆ ಮಿಕ್ಕಿದ ಒತ್ತಡ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು. ಅದರೊಳಗೆ ಸಾಮಾನ್ಯವಾಗಿ 10 ಮೆಗಾಓಮ್‌ನ ರೆಸಿಸ್ಟರ್ ಇದ್ದು, ಅದು ಸರಿಯಿದ್ದರೆ ಒಂದೆರಡು ನಿಮಿಷದಲ್ಲಿ ವಿದ್ಯುತ್ ತಾನೇ ಇಳಿದುಹೋಗುತ್ತದೆ; ಆ ರೆಸಿಸ್ಟರ್ ಸುಟ್ಟಿದ್ದರೆ ಎಷ್ಟು ಕಾದರೂ ನಂಬುವಂತಿಲ್ಲ. ಸ್ಕ್ರೂಡ್ರೈವರ್ ತಾಗಿಸಿ ‘ಫಟ್’ ಅನ್ನಿಸುವುದು ಎಲ್ಲರ ರೂಢಿ, ನನಗದು ಸೇರುವುದಿಲ್ಲ. 10 ಕಿಲೋಓಮ್, 10 ವ್ಯಾಟ್‌ನ ನಾಲ್ಕು ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸೆದು ದಪ್ಪ ಪ್ಲಾಸ್ಟಿಕ್ ನಳಿಗೆಯಲ್ಲಿ ಮುಚ್ಚಿ, ಒಂದು ತುದಿಯ ಕ್ಲಿಪ್ಪನ್ನು ಓವನ್ನಿನ ಲೋಹದ ಬಾಡಿಗೆ (ಚೌಕಟ್ಟಿಗೆ) ಕಚ್ಚಿಸಿ, ಇನ್ನೊಂದು ತುದಿಯನ್ನು ಕೆಪಾಸಿಟರಿನ ಎರಡೂ ಟರ್ಮಿನಲ್‌ಗಳಿಗೆ ಒಂದಾದ ಮೇಲೊಂದರಂತೆ ಐದೈದು ಸೆಕೆಂಡು ಹಿಡಿಯಿರಿ. ಕೊನೆಯಲ್ಲಿ, ಹಿಡಿ ಬಿರುಕು ಬಿಡದ ಇನ್ಸುಲೇಟೆಡ್ ಸ್ಕ್ರೂಡ್ರೈವರ್‌ನಿಂದ ಎರಡು ಟರ್ಮಿನಲ್‌ಗಳನ್ನು ಒಂದಕ್ಕೊಂದು ಕೂಡಿಸಿ. ಇಷ್ಟು ಹೊತ್ತೂ ಎಡಗೈ ಜೇಬಿನಲ್ಲಿರಲಿ.

ಮುಖ್ಯ ಫ್ಯೂಸ್‌ಗೆ ಮಲ್ಟಿಮೀಟರಿನ ಬೀಪ್ (ತಂತಿ ಕಡಿದಿಲ್ಲ ಎಂಬ ಸದ್ದು) ಸಾಕು. ಹಾರಿದ ಫ್ಯೂಸಿಗೆ ತಾಮ್ರದ ಎಳೆ ಸುತ್ತಿದ ಓವನ್‌ಗಳೂ ನನ್ನ ಮೇಜಿಗೆ ಬಂದಿವೆ. ಅದು ದುರಸ್ತಿಯಲ್ಲ, ಮನೆಗೆ ಬೆಂಕಿ ಇಡುವ ಕೆಲಸ. ಹೊಸ ಫ್ಯೂಸ್ ಬಾಗಿಲು ತೆರೆಯುವಾಗ ಅಥವಾ ಹಾಕುವಾಗ ಮತ್ತೆ ಹಾರಿದರೆ ಬಾಗಿಲಿನ ಕೊಂಡಿಯ ಬಳಿಯ ಮೂರು ಮೈಕ್ರೋಸ್ವಿಚ್‌ಗಳನ್ನು ನೋಡಿ. ಎರಡು ಸ್ವಿಚ್ ಒತ್ತಿದಾಗ ಕೂಡಿಕೊಳ್ಳುತ್ತವೆ; ಮೂರನೆಯದಾದ ಮಾನಿಟರ್ ಸ್ವಿಚ್ ಒತ್ತಿದಾಗ ಬಿಡುತ್ತದೆ. ಮೊದಲಿನವು ಅಂಟಿಕೊಂಡಿದ್ದರೆ, ಬಾಗಿಲು ತೆರೆದಿದ್ದಾಗ ಓವನ್ ಓಡದಿರಲೆಂದು ಈ ಮಾನಿಟರ್ ಬೇಕೆಂದೇ ಫ್ಯೂಸ್ ಹಾರಿಸುತ್ತದೆ. ವೈರ್ ಕಳಚಿ, ಮೀಟರ್ ಹಚ್ಚಿಟ್ಟು ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ. ಒಂದು ಸಲ ತಪ್ಪಿದರೂ ಸ್ವಿಚ್ ಬದಲಿಸಿ. ಬೈಪಾಸ್ ಮಾಡುವ ಮಾತೇ ಬೇಡ.

ಈಗ ಡಯೋಡ್, ಎಲ್ಲರೂ ಮುಗ್ಗರಿಸುವ ಜಾಗ. ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ ಮೀಟರಿನ ಪ್ರೋಬ್‌ಗಳನ್ನು (ತಾಗಿಸುವ ಕಡ್ಡಿಗಳನ್ನು) ಅದಲು ಬದಲು ಮಾಡಿ ನೋಡಿ, “ಸರ, ಎರಡೂ ಕಡೆ ಏನೂ ತೋರಸವಲ್ದು, ಡಯೋಡ್ ಹೋಗೇತ್ರಿ” ಎಂದು ಅದನ್ನು ಕಸದ ಡಬ್ಬಿಗೆ ಎಸೆದ. ಎತ್ತಿ ತಂದು ನೋಡಿದರೆ ಸರಿಯಾಗಿಯೇ ಇತ್ತು. ಈ ಡಯೋಡಿನೊಳಗೆ ಹಲವು ಡಯೋಡ್‌ಗಳು ಸಾಲಾಗಿರುವುದರಿಂದ ಅದು ತೆರೆದುಕೊಳ್ಳಲು ಹಲವು ವೋಲ್ಟ್ ಬೇಕು. ಸಾಮಾನ್ಯ ಮೀಟರಿನ ಡಯೋಡ್ ಪರೀಕ್ಷೆ ಅಷ್ಟು ಒತ್ತಡ ಕೊಡುವುದಿಲ್ಲ. ಆದ್ದರಿಂದ ಮೀಟರ್ ಎರಡೂ ಕಡೆ ಸೊನ್ನೆ ಓಮ್ ತೋರಿಸಿದರೆ ಶಾರ್ಟ್ (ಒಳಗೇ ಕೂಡಿಕೊಂಡಿದೆ) ಎಂದು ಖಂಡಿತವಾಗಿ ಹೇಳಬಹುದು, ಆದರೆ ಏನೂ ತೋರಿಸದಿದ್ದರೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಹೊಸ 9 ವೋಲ್ಟ್ ಬ್ಯಾಟರಿಯೊಂದನ್ನು ತನ್ನಿ. ರಿಮೋಟ್ ಕಾರಿನಲ್ಲಿ ಸವೆದ ಹಳೆಯದು ಬೇಡ. ಡಯೋಡನ್ನು ಪೂರ್ತಿ ಹೊರತೆಗೆದು, ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಬ್ಯಾಟರಿಯ ಪ್ಲಸ್ಸನ್ನು ಡಯೋಡಿನ ಕೆಪಾಸಿಟರ್ ಕಡೆಯ ತುದಿಗೆ, ಬಾಡಿಗೆ ಸ್ಕ್ರೂ ಹಾಕುವ ಉಂಗುರದ ತುದಿಯನ್ನು ಮೀಟರಿನ ಕೆಂಪು ಪ್ರೋಬಿಗೆ, ಕಪ್ಪು ಪ್ರೋಬನ್ನು ಬ್ಯಾಟರಿಯ ಮೈನಸ್‌ಗೆ ಜೋಡಿಸಿ. ಬ್ಯಾಟರಿಗಿಂತ ಕೆಲವು ವೋಲ್ಟ್ ಕಡಿಮೆ ಬರಬೇಕು. ಡಯೋಡ್ ತಿರುಗಿಸಿದರೆ ಸೊನ್ನೆಯ ಆಸುಪಾಸು ಬರಬೇಕು. ಎರಡೂ ಕಡೆ ಪೂರ್ತಿ ಒಂಬತ್ತು ಬಂದರೆ ಶಾರ್ಟ್. ಎರಡೂ ಕಡೆ ಸೊನ್ನೆಯಾದರೆ ಆತುರ ಬೇಡ, ಸಾಲಾಗಿ ಎರಡು ಬ್ಯಾಟರಿ ಜೋಡಿಸಿ ಮತ್ತೊಮ್ಮೆ ನೋಡಿ. ಆಗಲೂ ಸೊನ್ನೆ ಎಂದರೆ ಓಪನ್, ಅಂದರೆ ಒಳಗೆ ಕಡಿದುಹೋಗಿದೆ. ಹೊಸದನ್ನು ಹಾಕುವಾಗ ಉಂಗುರವನ್ನು ಬಾಡಿಗೆ ಬಿಗಿಯಾಗಿ ಕೂರಿಸಿ, ಅಲ್ಲಿ ತುಕ್ಕಿದ್ದರೆ ಉಜ್ಜಿ ತೆಗೆಯಿರಿ.

ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಮನೆಯ ವಿದ್ಯುತ್ ಬರುವ ಸುರುಳಿ) ಕೆಲವೇ ಓಮ್, ಹೈ ವೋಲ್ಟೇಜ್ ಸುರುಳಿ ಬಾಡಿಗೆ ಸುಮಾರು ನೂರು ಓಮ್‌ನ ಆಸುಪಾಸು ತೋರಿಸುತ್ತದೆ. ಕೊಳೆತ ಮೀನಿನಂಥ ವಾಸನೆ ಹೊಡೆದರೆ ಮೀಟರೂ ಬೇಡ, ಸುರುಳಿಯ ವಾರ್ನಿಶ್ ಸುಟ್ಟಿದೆ.

ಮ್ಯಾಗ್ನೆಟ್ರಾನ್ ಸರದಿ ಕೊನೆಯದು. ಎರಡೂ ವೈರ್ ಕಳಚಿ ಅಳೆದರೆ ಫಿಲಮೆಂಟ್ (ಒಳಗಿನ ಕಾಯುವ ತಂತಿ) ಒಂದು ಓಮ್‌ಗಿಂತ ಕಡಿಮೆ ಇರಬೇಕು. ಮೊದಲು ಪ್ರೋಬ್‌ಗಳನ್ನೇ ಒಂದಕ್ಕೊಂದು ತಾಗಿಸಿ, ಬರುವ ಅಂಕಿಯನ್ನು ಕಳೆಯಿರಿ. ಯಾವ ಟರ್ಮಿನಲ್‌ನಿಂದಲೂ ಬಾಡಿಗೆ ಓಮ್ ತೋರಬಾರದು. ಇವೆರಡೂ ಸರಿಯಿದ್ದರೂ ಮ್ಯಾಗ್ನೆಟ್ರಾನ್ ಸೊರಗಿರಬಹುದು, ಅದು ಮೀಟರಿಗೆ ಸಿಗುವುದಿಲ್ಲ. ಆದ್ದರಿಂದ ಹೊದಿಕೆಯ ಎಲ್ಲ ಸ್ಕ್ರೂಗಳನ್ನೂ ಹಾಕಿದ ಮೇಲೆಯೇ ಪ್ಲಗ್ ಹಚ್ಚಿ, ಒಂದು ಲೀಟರ್ ನೀರಿನ ಉಷ್ಣತೆ ಅಳೆದು, ಪೂರ್ಣ ಶಕ್ತಿಯಲ್ಲಿ ಎರಡು ನಿಮಿಷ ಕಾಯಿಸಿ, ಕಲಕಿ ಮತ್ತೆ ಅಳೆಯಿರಿ. ಏರಿದ ಡಿಗ್ರಿಯನ್ನು 35ರಿಂದ ಗುಣಿಸಿದರೆ ನೀರಿಗೆ ತಲುಪಿದ ವ್ಯಾಟ್ ಸಿಗುತ್ತದೆ. 800 ವ್ಯಾಟ್‌ನ ಓವನ್ ಇಪ್ಪತ್ತು ಡಿಗ್ರಿ ಏರಿಸಿದರೆ ಗಿರಾಕಿಗೆ ಕೊಟ್ಟು ಕಳಿಸಬಹುದು. ಹತ್ತೂ ದಾಟದಿದ್ದರೆ, ಅಳೆದ ಉಳಿದ ಭಾಗಗಳು ಸರಿಯಿವೆಯೆಂದು ಮೀಟರ್ ಹೇಳಿರುವುದರಿಂದ, ಈಗ ಮ್ಯಾಗ್ನೆಟ್ರಾನ್ ತರಿಸಿ.