ತಾಳಕ್ಕಿಂತ ಒಂದಿಷ್ಟು ಹಿಂದೆ

ಅಮೆರಿಕದ ಜಾಝ್ ಗಾಯಕಿ ಬಿಲೀ ಹಾಲಿಡೇಯ ಚಿತ್ರವನ್ನು ನಾನು ಮೊದಲ ಸಲ ಬರೆದಾಗ ಅದರಲ್ಲಿ ಎಲ್ಲವೂ ಇತ್ತು. ಮುಡಿದ ಬಿಳಿ ಗಾರ್ಡೇನಿಯಾ, ಮೊಣಕೈ ದಾಟಿದ ಕೈಗವಸು, ಸ್ಯಾಟಿನ್ ಗೌನು, ತೀಡಿದ ಹುಬ್ಬು. ಹಾಡು ಮಾತ್ರ ಇರಲಿಲ್ಲ. ಗೋಡೆಗೆ ಅಂಟಿಸಿ ಎರಡು ದಿನ ನೋಡಿದೆ. ಯಾವುದೋ ಹಳೇ ಫ್ಯಾಷನ್ ಪತ್ರಿಕೆಯಿಂದ ಕತ್ತರಿಸಿ ತಂದ ಹಾಗಿತ್ತು. ಇದು ಹನ್ನೊಂದು ವರ್ಷದ ಹಿಂದಿನ ಮಾತು. ಅಲ್ಲಿಂದ ಇಲ್ಲಿಯವರೆಗೆ ನಾನು ಕಲಿತದ್ದೆಲ್ಲ ಆ ಹಾಡನ್ನು ಕಾಗದಕ್ಕೆ ಇಳಿಸುವುದು ಹೇಗೆ ಎಂಬುದನ್ನೇ.

ಆ ಕಾಲದ ಉಡುಗೆಯ ಮೋಹ ನನಗೆ ಈಗಲೂ ಇದೆ. ಹೂವನ್ನು ಫೋಟೊ ನೋಡಿ ಬರೆದರೆ ಸರಿಬರುತ್ತಿಲ್ಲ ಎಂದು ನರ್ಸರಿಯಿಂದ ಗಾರ್ಡೇನಿಯಾ ಗಿಡವನ್ನೇ ತಂದು ಕುಂಡದಲ್ಲಿ ಬೆಳೆಸಿದೆ. ನೋಡಲು ನಮ್ಮ ಸುತ್ತು ನಂದಿಬಟ್ಟಲನ್ನು ಹೋಲುತ್ತದೆ, ಆದರೆ ಎಸಳು ಮೇಣ ಸವರಿದಂತೆ ದಪ್ಪ. ಅರಳಿದಾಗ ಹಾಲುಬಿಳುಪು. ಒಂದೆರಡು ದಿನದಲ್ಲಿ ಅಂಚಿನಿಂದ ಕೆನೆಬಣ್ಣಕ್ಕೆ, ಆಮೇಲೆ ಹಳದಿಗೆ ತಿರುಗುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ನಾನು ಆ ಹೂವಿಗೆ ಟ್ಯೂಬಿನ ಬಿಳಿ ಹಚ್ಚಿಲ್ಲ. ಕಾಗದದ ಬಣ್ಣವನ್ನೇ ಹಾಗೇ ಬಿಡುತ್ತೇನೆ.

ಮುಖಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ವಿಲಿಯಂ ಗಾಟ್ಲೀಬ್ ತೆಗೆದ ಫೋಟೊಗಳನ್ನು. 1938ರಿಂದ 1948ರವರೆಗೆ ಜಾಝ್ ಲೋಕವನ್ನು ಸೆರೆಹಿಡಿದವರು ಅವರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವರ 1600ಕ್ಕೂ ಹೆಚ್ಚು ಚಿತ್ರಗಳಿವೆ. 2010ರಿಂದ ಅವುಗಳ ಮೇಲೆ ಹಕ್ಕುಸ್ವಾಮ್ಯವಿಲ್ಲ. ನನ್ನಂಥ ಚಿತ್ರಕಾರರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ನ್ಯೂಯಾರ್ಕಿನ ಡೌನ್‌ಬೀಟ್ ಕ್ಲಬ್ಬಿನಲ್ಲಿ 1947ರ ಫೆಬ್ರವರಿಯಲ್ಲಿ ತೆಗೆದ ಬಿಲೀಯ ಫೋಟೊ ಒಂದಿದೆ. ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು ಹಾಡುತ್ತಿದ್ದಾಳೆ. ನಾನು ಒಂದು ತಿಂಗಳು ಆ ಫೋಟೊದಲ್ಲಿ ಕತ್ತು ಮತ್ತು ದವಡೆ ಬಿಟ್ಟು ಬೇರೇನೂ ಬರೆಯಲಿಲ್ಲ. ದನಿ ಹೊರಡುವ ಜಾಗ ಅದು. ಅಲ್ಲಿ ಬಿಗಿ ಎಲ್ಲಿದೆ, ಸಡಿಲ ಎಲ್ಲಿದೆ ಎಂದು ಗೊತ್ತಾಗದೆ ಮಿಕ್ಕ ಮುಖಕ್ಕೆ ಕೈಹಾಕಿ ಉಪಯೋಗವಿಲ್ಲ.

ನಂತರ ಒಂದು ನಿಯಮ ಮಾಡಿಕೊಂಡೆ: ಒಂದು ಹಾಡಿಗೆ ಒಂದೇ ಚಿತ್ರ, ಹಾಡು ಮುಗಿದಾಗ ಪೆನ್ನು ಕೆಳಗಿಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಿಡಿಸುತ್ತಿತ್ತು. ಹಾಗಾಗಿ ಆ ಕಾಲದ ಹಾಡುಗಳೆಲ್ಲ ಹೆಚ್ಚುಕಡಿಮೆ ಅಷ್ಟೇ ಉದ್ದ. (ನಾನು ಚನ್ನಪಟ್ಟಣದ ಕಡೆಯವಳು. ಆ ಪ್ಲೇಟುಗಳಿಗೆ ಬೇಕಾದ ಅರಗು ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು, ಯುದ್ಧದಿಂದಾಗಿ 1942ರಲ್ಲಿ ಅಮೆರಿಕದಲ್ಲಿ ಅದರ ಬಳಕೆಯನ್ನು ತೀರಾ ಕಡಿತಗೊಳಿಸಿದ್ದರು ಎಂದು ಓದಿದಾಗ ಮೈ ಜುಮ್ಮೆಂದಿತು. ನಮ್ಮೂರಿನ ಗೊಂಬೆಗಳಿಗೆ ಚರಕಿಯ ಮೇಲೆ ಹಚ್ಚುವುದೂ ಅರಗನ್ನೇ.) ಮೂರು ನಿಮಿಷದಲ್ಲಿ ಗೌನಿನ ನೆರಿಗೆ ಬರೆಯುತ್ತ ಕೂರಲು ಆಗುವುದಿಲ್ಲ. ಕೈ ತಾನಾಗಿಯೇ ಮುಖ್ಯವಾದುದನ್ನು ಹುಡುಕಿಕೊಳ್ಳುತ್ತದೆ.

ಹೀಗೆ ನೂರಾರು ಹಾಳೆ ಖರ್ಚಾದವು. ಗೆರೆ ಚುರುಕಾಯಿತು. ಜಾಝ್‌ನ ಬೇರೆ ಗಾಯಕಿಯರಲ್ಲಿ ಎಲಾ ಫಿಟ್ಜೆರಾಲ್ಡ್ ಸುಮಾರಾಗಿ ಒಲಿದಳು. ಅವಳ ದನಿ ಸ್ವಚ್ಛ, ಪುಟಿಯುತ್ತ ಹೋಗುತ್ತದೆ, ನಿಬ್ಬೂ ಹಾಗೇ ಓಡಿದರೆ ಸಾಕು. ಸಾರಾ ವಾನ್‌ಗೆ ನಿಬ್ಬು ಸಾಲದು, ಆ ಮಂದ್ರಕ್ಕೆ ತುಂಬಿದ ಬ್ರಷ್ಷೇ ಬೇಕು. ಬಿಲೀ ಮಾತ್ರ ಕೈಗೆ ಸಿಗಲಿಲ್ಲ.

ಸಿಕ್ಕಿದ್ದು ಅಮ್ಮನ ದೆಸೆಯಿಂದ. ಅಮ್ಮ ಮದುವೆಗೆ ಮುಂಚೆ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವರು. ಒಂದು ಸಂಜೆ ನನ್ನ ಮೇಜಿನ ಪಕ್ಕ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಬಿಲೀ ಹಾಡುತ್ತಿದ್ದಳು. ಅಮ್ಮನ ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಸ್ವಲ್ಪ ಹೊತ್ತಿಗೆ ಕಾಯಿ ಸುಲಿಯುವುದನ್ನು ನಿಲ್ಲಿಸಿ ಹೇಳಿದರು: "ಇವಳು ತಡವಾಗಿ ಬರ್ತಾಳೆ ಕಣೇ. ಆದ್ರೂ ತಾಳ ತಪ್ಪಲ್ಲ." ನಾನು ಅನಾಗತ ಎಡುಪಿನ ಹಾಗಾ ಎಂದು ಕೇಳಿದೆ. "ಅದು ಲೆಕ್ಕ. ತಾಳ ಶುರುವಾದ ಮೇಲೆ ಇಷ್ಟೇ ಬಿಟ್ಟು ಎತ್ಕೋಬೇಕು ಅಂತ ಇರುತ್ತೆ. ಇವಳು ಲೆಕ್ಕ ಇಟ್ಕೊಂಡಿಲ್ಲ. ಮಾತು ಎಷ್ಟು ಭಾರ ಇದೆಯೋ ಅಷ್ಟು ಹಿಂದೆ ಉಳೀತಾಳೆ."

ಆ ರಾತ್ರಿ ಡೇವಿಡ್ ಸ್ಟೋನ್ ಮಾರ್ಟಿನ್ ಬರೆದ ರೆಕಾರ್ಡ್ ಕವರ್‌ಗಳನ್ನು ಮತ್ತೆ ತೆಗೆದು ನೋಡಿದೆ. 1940, 50ರ ದಶಕಗಳಲ್ಲಿ ನೂರಾರು ಜಾಝ್ ರೆಕಾರ್ಡುಗಳಿಗೆ ಕವರ್ ಮಾಡಿದ ಕಲಾವಿದ ಆತ. ಇಂಕಿನಲ್ಲಿ ಅದ್ದಿ ಬರೆಯುವ ಸಣ್ಣ ಮೊನೆಯ ಪೆನ್ನಿನ ಕಪ್ಪು ಗೆರೆ, ಜೊತೆಗೆ ಒಂದೆರಡು ಬಣ್ಣ. ಬಣ್ಣ ಗೆರೆಯೊಳಗೇ ಇರಬೇಕೆಂಬ ಹಟ ಇಲ್ಲ. ವರ್ಷಗಟ್ಟಲೆ ನೋಡಿದ್ದೆ, ಆದರೆ ಅಮ್ಮನ ಮಾತು ಕೇಳಿದ ಮೇಲೆ ಅದೇ ಚಿತ್ರ ಬೇರೆಯಾಗಿ ಕಂಡಿತು. ಬಣ್ಣವೇ ತಾಳ. ಗೆರೆ ಅದಕ್ಕೆ ಅಂಟಿಕೊಂಡು ಹೋಗಬೇಕಿಲ್ಲ.

ಈಗ ನಾನು ಮಾಡುವುದು ಹೀಗೆ. ಮೊದಲು ಗ್ವಾಷ್ ಎಂಬ ದಟ್ಟ ನೀರುಬಣ್ಣದಲ್ಲಿ ಮುಖ, ಕತ್ತು, ಭುಜದ ಆಕಾರವನ್ನು ಒಂದೇ ಬಣ್ಣದಲ್ಲಿ ಚಪ್ಪಟೆಯಾಗಿ ಹಾಕುತ್ತೇನೆ. ತೆಳ್ಳಗೆ ಹಾಕಬೇಕು. ದಪ್ಪವಾದರೆ ಮೇಲೆ ನಿಬ್ಬು ಕೆರೆಯುತ್ತದೆ, ಬಣ್ಣದ ಪುಡಿ ಎದ್ದು ಮೊನೆಗೆ ಸಿಕ್ಕಿಕೊಳ್ಳುತ್ತದೆ. ಆತುರಪಟ್ಟು ಹಸಿಯಲ್ಲೇ ಗೆರೆ ಎಳೆದರೆ ಇಂಕು ಬೇರು ಬಿಟ್ಟಂತೆ ಹರಡುತ್ತದೆ. ಹಾಗಾಗಿ ರಾತ್ರಿಯೆಲ್ಲ ಒಣಗಲು ಬಿಡುತ್ತೇನೆ. ಬೆಳಿಗ್ಗೆ ಹಾಡು ಹಾಕಿ, ಗೆರೆಯನ್ನು ಬಣ್ಣದ ಅಂಚಿಗಿಂತ ಅರ್ಧ ಬೆರಳು ಈಚೆಗೆ ಎಳೆಯುತ್ತೇನೆ. ಎಲ್ಲ ಕಡೆ ಅಲ್ಲ. ಕೆನ್ನೆಯಲ್ಲಿ ಹೆಚ್ಚು, ಹಣೆಯಲ್ಲಿ ಇಲ್ಲವೇ ಇಲ್ಲ. ಆ ನಡುವಿನ ಸಂದಿನಲ್ಲಿ ದನಿ ಬಂದು ಕೂರುತ್ತದೆ. ಇದನ್ನು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಆದರೆ ಕೂತಾಗ ತಕ್ಷಣ ತಿಳಿಯುತ್ತದೆ.

ಮೈಬಣ್ಣಕ್ಕೆ ಕಪ್ಪು ಬಳಸುವುದಿಲ್ಲ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಒಳಗಿನಿಂದ ಬೆಳಗುವ ಕಂದು ಸಿಗುತ್ತದೆ. ಒಮ್ಮೆ ಒಂದು ಹೋಟೆಲಿನವರು ಗೋಡೆಗೆಂದು ಆರು ಚಿತ್ರ ಹೇಳಿದ್ದರು. ಎಲ್ಲ ಮುಗಿದ ಮೇಲೆ "ಮೇಡಂ, ಮುಖ ಸ್ವಲ್ಪ ತಿಳಿ ಮಾಡಿಕೊಡಿ, ಗೋಡೆಗೆ ಹೊಂದುತ್ತೆ" ಎಂದರು. ಬಿಲೀ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಸಂಗತಿ ಆಗ ನೆನಪಿಗೆ ಬಂತು. ಕೌಂಟ್ ಬೇಸಿಯ ಜಾಝ್ ಮೇಳದೊಂದಿಗೆ ಡೆಟ್ರಾಯಿಟ್‌ಗೆ ಹೋಗಿದ್ದಾಗ, ಕರಿಯ ವಾದಕರ ನಡುವೆ ಅವಳು ಬಿಳಿಯಳಂತೆ ಕಂಡುಬಿಡಬಹುದೆಂದು ಅವಳ ಮುಖಕ್ಕೆ ಕಪ್ಪು ಬಳಿಸಿ ವೇದಿಕೆಗೆ ಕಳಿಸಿದ್ದರಂತೆ. ಬದುಕಿದ್ದಾಗ ಕಪ್ಪು ಬಳಿಸಿಕೊಂಡವಳ ಬಣ್ಣವನ್ನು ನಾನೀಗ ತಿಳಿ ಮಾಡಲಾರೆ ಎಂದು ಹೇಳಿ ಆರೂ ಚಿತ್ರ ಮನೆಗೆ ತಂದೆ. ಮುಂಗಡ ವಾಪಸ್ ಕೊಡಲು ನಾಲ್ಕು ತಿಂಗಳು ಹಿಡಿಯಿತು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಹೊಸದಾಗಿ ಬರೆಯಲು ಬರುವವರಿಗೆ ನಾನು ಮೊದಲು ತೋರಿಸುವುದು 1957ರ ಡಿಸೆಂಬರ್ 8ರಂದು ಸಿಬಿಎಸ್ ವಾಹಿನಿ ನೇರಪ್ರಸಾರ ಮಾಡಿದ 'ದಿ ಸೌಂಡ್ ಆಫ್ ಜಾಝ್' ಕಾರ್ಯಕ್ರಮವನ್ನು. ಬಿಲೀ ತಾನೇ ಬರೆದ ಒಂದು ಬ್ಲೂಸ್, ಅಂದರೆ ಅಮೆರಿಕದ ಕರಿಯರ ನೋವಿನ ಧಾಟಿಯ ಹಾಡನ್ನು ಹಾಡುತ್ತಾಳೆ. ಗೌನಿಲ್ಲ, ಹೂವಿಲ್ಲ. ಸಾದಾ ಉಡುಪು, ಹಿಂದಕ್ಕೆ ಎಳೆದು ಕಟ್ಟಿದ ಕೂದಲು. ಸುತ್ತ ವಾದಕರು. ಅವರಲ್ಲಿ ಲೆಸ್ಟರ್ ಯಂಗ್ ಎದ್ದು ಸ್ಯಾಕ್ಸೊಫೋನ್ ನುಡಿಸುತ್ತಾನೆ, ಹನ್ನೆರಡೇ ಬಾರ್, ನಮ್ಮ ಲೆಕ್ಕದಲ್ಲಿ ಹನ್ನೆರಡು ಆವರ್ತದ ಹಾಗೆ. ಅವಳಿಗೆ 'ಲೇಡಿ ಡೇ' ಎಂದು ಹೆಸರಿಟ್ಟವನು ಅವನೇ. ಅವನು ನುಡಿಸುವಷ್ಟು ಹೊತ್ತೂ ಅವಳು ಅವನನ್ನು ನೋಡುತ್ತ ತಲೆದೂಗುತ್ತಾಳೆ, ಅವನ ಒಂದೊಂದು ಸ್ವರವೂ ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ. 1959ರ ಮಾರ್ಚಿನಲ್ಲಿ ಅವನು ತೀರಿಕೊಂಡ. ಜುಲೈಯಲ್ಲಿ ಅವಳು, 44ನೇ ವಯಸ್ಸಿಗೆ.

ಆ ತಲೆದೂಗುವಿಕೆಯನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಕೊನೆಗೆ ಬಂದ ಚಿತ್ರದಲ್ಲಿ ಬಾಯಿ ಮುಚ್ಚಿದೆ. ಕಂದು ಬಣ್ಣದ ಒಂದು ಚಪ್ಪಟೆ ಆಕಾರ, ಅದರಿಂದ ತುಸು ಸರಿದು ಕೆನ್ನೆಯಿಂದ ಗಲ್ಲದವರೆಗೆ ಇಳಿಯುವ ಒಂದೇ ಗೆರೆ. ಗಲ್ಲದ ಹತ್ತಿರ ನಿಬ್ಬಿನಲ್ಲಿ ಇಂಕು ಮುಗಿದಿತ್ತು. ಮತ್ತೆ ಅದ್ದಲಿಲ್ಲ. ಅಮ್ಮ ಬಂದು ನೋಡಿ, "ಇವಳು ಕೇಳಿಸ್ಕೋತಾ ಇದಾಳೆ" ಎಂದರು.