ತಾಯಿಯ ತೂಕ, ಮಗುವಿನ ಬೆಳವಣಿಗೆ: ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದು ಓದುವ ಕ್ರಮ

ಹುಟ್ಟಿದ ಮಗುವನ್ನು ತೂಗಿದ ಗಳಿಗೆಯಿಂದ ಅದರ ಬೆಳವಣಿಗೆಯ ಲೆಕ್ಕ ಶುರುವಾಗುತ್ತದೆ ಎಂದು ಬಹಳಷ್ಟು ಕುಟುಂಬಗಳು ಭಾವಿಸುತ್ತವೆ. ಆದರೆ ಆ ಅಂಕಿಗೂ ಹಿಂದೆ ಎರಡು ಅಂಕಿಗಳಿವೆ: ಗರ್ಭ ನಿಲ್ಲುವ ಮೊದಲು ತಾಯಿಯ ತೂಕ ಎಷ್ಟಿತ್ತು ಎಂಬುದು ಒಂದು, ಒಂಬತ್ತು ತಿಂಗಳಲ್ಲಿ ಅದು ಎಷ್ಟು ಏರಿತು ಎಂಬುದು ಇನ್ನೊಂದು. ಈ ಮೂರನ್ನೂ ಜೊತೆಯಲ್ಲಿಟ್ಟು ನೋಡಿದರೆ ಮಗುವಿನ ಮೊದಲ ಎರಡು ವರ್ಷಗಳ ಏರಿಳಿತಗಳಲ್ಲಿ ಹೆಚ್ಚಿನವು ಅರ್ಥವಾಗುತ್ತವೆ. ಬೇರ್ಪಡಿಸಿದರೆ ಅನಗತ್ಯ ಆತಂಕವೋ ಅಪಾಯಕಾರಿ ನಿರ್ಲಕ್ಷ್ಯವೋ ಉಳಿಯುತ್ತದೆ. ಆದ್ದರಿಂದ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ಎಡ ಪುಟವನ್ನು ತಾಯಿಗೂ ಬಲ ಪುಟವನ್ನು ಮಗುವಿಗೂ ಮೀಸಲಿಡಿ.

ಎಡ ಪುಟದ ಮೊದಲ ಸಾಲಿನಲ್ಲಿ ತಾಯಿಯ ಎತ್ತರ ಮತ್ತು ಗರ್ಭಧಾರಣೆಗೆ ಮುಂಚಿನ ತೂಕ ಇರಲಿ. ಆ ತೂಕ ಗೊತ್ತಿಲ್ಲದಿದ್ದರೆ, ಮೊದಲ ಮೂರು ತಿಂಗಳೊಳಗೆ ತೂಗಿದ ಅಂಕಿಯನ್ನೇ ಬರೆಯಬಹುದು, ಏಕೆಂದರೆ ಆ ಅವಧಿಯಲ್ಲಿ ತೂಕ ಸಾಮಾನ್ಯವಾಗಿ ಅರ್ಧದಿಂದ ಎರಡು ಕಿಲೋಗ್ರಾಂನಷ್ಟೇ ಹೆಚ್ಚುತ್ತದೆ. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರ್‌ಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 1.55 ಮೀಟರ್ ಎತ್ತರದ, 43 ಕಿಲೋಗ್ರಾಂ ತೂಕದ ಮಹಿಳೆಯನ್ನು ತೆಗೆದುಕೊಳ್ಳಿ: 1.55ನ್ನು 1.55ರಿಂದ ಗುಣಿಸಿದರೆ ಸುಮಾರು 2.4, 43ನ್ನು ಅದರಿಂದ ಭಾಗಿಸಿದರೆ 17.9. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕ, 18.5ರಿಂದ 24.9ರವರೆಗೆ ಸಾಮಾನ್ಯ, 25ರಿಂದ 29.9ರವರೆಗೆ ಅಧಿಕ ತೂಕ, 30 ಮತ್ತು ಅದಕ್ಕಿಂತ ಮೇಲೆ ಬೊಜ್ಜು. ನಮ್ಮ ಉದಾಹರಣೆಯ ಮಹಿಳೆ ಮೊದಲ ಗುಂಪಿಗೆ ಸೇರುತ್ತಾರೆ.

ಮುಂದಿನ ಸಾಲುಗಳಲ್ಲಿ ಬಸಿರಿನ ತೂಕ ಬರಬೇಕು. ಒಂದೇ ಯಂತ್ರದ ಮೇಲೆ, ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು, ಮೂತ್ರ ವಿಸರ್ಜನೆಯ ನಂತರ, ಹೆಚ್ಚುಕಡಿಮೆ ಒಂದೇ ಬಗೆಯ ಹಗುರ ಬಟ್ಟೆಯಲ್ಲಿ ತೂಗಿದರೆ ಮಾತ್ರ ವಾರದಿಂದ ವಾರಕ್ಕೆ ಹೋಲಿಕೆ ಸಾಧ್ಯ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಒಂದೇ ಮಗುವನ್ನು ಹೊತ್ತಿರುವವರಲ್ಲಿ ಮೊದಲೇ ಕಡಿಮೆ ತೂಕವಿದ್ದವರು ಒಟ್ಟು 12.5ರಿಂದ 18 ಕಿಲೋಗ್ರಾಂ, ಸಾಮಾನ್ಯ ತೂಕದವರು 11.5ರಿಂದ 16, ಅಧಿಕ ತೂಕದವರು 7ರಿಂದ 11.5, ಬೊಜ್ಜು ಇರುವವರು 5ರಿಂದ 9 ಕಿಲೋಗ್ರಾಂ ಹೆಚ್ಚಬೇಕು. ನಾಲ್ಕನೆಯ ತಿಂಗಳಿನಿಂದ ಆಚೆಗೆ ಸಾಮಾನ್ಯ ತೂಕದವರಿಗೆ ವಾರಕ್ಕೆ ಸುಮಾರು 400 ಗ್ರಾಂ ಎಂಬುದು ನೆನಪಿಡಲು ಸುಲಭವಾದ ಲೆಕ್ಕ. ಹೀಗೆ ಏರಿದ ತೂಕದಲ್ಲಿ ಮಗುವಿನ ಪಾಲು ಮೂರು ಕಿಲೋಗ್ರಾಂ ಆಸುಪಾಸು ಮಾತ್ರ. ಉಳಿದದ್ದು ಮಾಸು, ಗರ್ಭದ ನೀರು, ಹಿಗ್ಗಿದ ಗರ್ಭಕೋಶ, ಹೆಚ್ಚಿದ ರಕ್ತ, ಹಾಲುಣಿಸುವ ದಿನಗಳಿಗಾಗಿ ದೇಹ ಕೂಡಿಟ್ಟುಕೊಂಡ ಕೊಬ್ಬು. ಹಾಗಾಗಿ ತಾಯಿ ಹೆಚ್ಚು ದಪ್ಪಗಾದಷ್ಟೂ ಮಗು ಪುಷ್ಟಿಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಎರಡು ಜೀವವೆಂದು ಎರಡು ಪಟ್ಟು ಉಣ್ಣಬೇಕಿಲ್ಲ. ಮೊದಲ ಮೂರು ತಿಂಗಳ ನಂತರ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 340, ಕೊನೆಯ ಮೂರು ತಿಂಗಳಲ್ಲಿ ಸುಮಾರು 450 ಕ್ಯಾಲೊರಿ.

ಒಂದು ವಾರದಲ್ಲಿ ತೂಕ ಇದ್ದಕ್ಕಿದ್ದಂತೆ ಜಿಗಿದು, ಜೊತೆಗೆ ಮುಖ ಅಥವಾ ಕೈಗಳು ಊದಿಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅದು ಕೊಬ್ಬಲ್ಲ, ನೀರು. ರಕ್ತದೊತ್ತಡ ಏರಿರುವ ಸಾಧ್ಯತೆಯಿದೆ. ಅಂದೇ ಆಸ್ಪತ್ರೆಗೆ ಹೋಗಬೇಕು, ಮುಂದಿನ ತಪಾಸಣೆಯವರೆಗೆ ಕಾಯಬಾರದು.

ತಾಯಿಯ ತೂಕ ಮಗುವನ್ನು ತಲುಪುವ ದಾರಿಗಳು ಎರಡು. ತಾಯಿಯಲ್ಲಿ ಸಂಗ್ರಹವೇ ಕಡಿಮೆಯಿದ್ದು ಬಸಿರಿನಲ್ಲೂ ತೂಕ ಏರದಿದ್ದರೆ, ಮಾಸಿನ ಮೂಲಕ ಹರಿಯುವ ಪೋಷಣೆ ಸೊರಗುತ್ತದೆ, ಮಗು 2,500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಅಥವಾ ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚುತ್ತದೆ. ಇನ್ನೊಂದು ದಾರಿ ಸಕ್ಕರೆಯದು. ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೀಡರ್ಸನ್ 1950ರ ದಶಕದಲ್ಲಿ ವಿವರಿಸಿದಂತೆ, ತಾಯಿಯ ರಕ್ತದಲ್ಲಿನ ಗ್ಲೂಕೋಸ್ ಮಾಸನ್ನು ದಾಟುತ್ತದೆ, ಆಕೆಯ ಇನ್ಸುಲಿನ್ ದಾಟುವುದಿಲ್ಲ. ಹೆಚ್ಚಾಗಿ ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಆ ಇನ್ಸುಲಿನ್ ಅದರ ಮೈಯಲ್ಲಿ ಕೊಬ್ಬು ಬೆಳೆಸುತ್ತದೆ. ಅಧಿಕ ತೂಕದ ತಾಯಂದಿರಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚು ಕಾಣಿಸಿಕೊಳ್ಳುವುದರಿಂದ ನಾಲ್ಕು ಕಿಲೋಗ್ರಾಂ ಮೀರಿದ ಮಕ್ಕಳೂ ಅವರಲ್ಲಿ ಹೆಚ್ಚು. ಇಂತಹ ಮಗು ಹುಟ್ಟಿದ ಮೊದಲ ಗಂಟೆಗಳಲ್ಲಿ ಅದರ ರಕ್ತದ ಸಕ್ಕರೆ ಕುಸಿಯಬಹುದು, ಆದ್ದರಿಂದ 24ರಿಂದ 28ನೆಯ ವಾರದ ನಡುವೆ ನಡೆಯುವ ಸಕ್ಕರೆಯ ಪರೀಕ್ಷೆಯನ್ನು ತಪ್ಪಿಸಬೇಡಿ. ದಪ್ಪಗಿರುವ ತಾಯಿಗೆ ರಕ್ತಹೀನತೆ ಇರಲಾರದು ಎಂದೂ ಎಣಿಸಬೇಡಿ. ತೂಕ ಹೆಚ್ಚಿದ್ದೂ ಕಬ್ಬಿಣಾಂಶ ಕಡಿಮೆಯಿರುವುದು ಸಾಮಾನ್ಯ.

ಇನ್ನು ಬಲ ಪುಟ. ಇಲ್ಲಿ ತಿಳಿದಿರಲೇಬೇಕಾದ ಒಂದು ಸಂಗತಿಯನ್ನು ಕುದುರೆಗಳು ತೋರಿಸಿಕೊಟ್ಟಿವೆ. 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರೀ ಗಾತ್ರದ ಶೈರ್ ಕುದುರೆ ಮತ್ತು ಪುಟ್ಟ ಶೆಟ್‌ಲ್ಯಾಂಡ್ ಕುದುರೆಗಳ ನಡುವೆ ಎರಡೂ ಬಗೆಯಲ್ಲಿ ಸಂಕರ ಮಾಡಿಸಿದರು. ವಂಶವಾಹಿಯ ಬೆರಕೆ ಒಂದೇ ಆಗಿದ್ದರೂ, ದೊಡ್ಡ ತಾಯಿಗೆ ಹುಟ್ಟಿದ ಮರಿ ದೊಡ್ಡದಾಗಿತ್ತು, ಚಿಕ್ಕ ತಾಯಿಗೆ ಹುಟ್ಟಿದ ಮರಿ ಚಿಕ್ಕದಾಗಿತ್ತು. ಮನುಷ್ಯರಲ್ಲೂ ಹುಟ್ಟಿದಾಗಿನ ಗಾತ್ರ ಬಹುಮಟ್ಟಿಗೆ ಗರ್ಭದ ಪರಿಸ್ಥಿತಿಯನ್ನು ಹೇಳುತ್ತದೆ. ಆಮೇಲಿನ ಎರಡು ವರ್ಷಗಳಲ್ಲಿ ಮಗು ಬೆಳವಣಿಗೆಯ ನಕ್ಷೆಯಲ್ಲಿ ಮೆಲ್ಲಗೆ ತನ್ನದೇ ರೇಖೆಯತ್ತ ಸರಿಯುತ್ತದೆ. ಗರ್ಭದಲ್ಲಿ ಇಕ್ಕಟ್ಟು ಅನುಭವಿಸಿದ್ದು ಮೇಲೇರುತ್ತದೆ, ಅತಿಯಾಗಿ ಪೋಷಣೆ ಪಡೆದದ್ದು ಕೆಳಗಿಳಿಯುತ್ತದೆ.

ಎರಡು ಮಕ್ಕಳನ್ನು ಹತ್ತಿರದಿಂದ ನೋಡೋಣ. ಕಡಿಮೆ ತೂಕದ ತಾಯಿಗೆ ದಿನ ತುಂಬಿ ಹುಟ್ಟಿದ ಹೆಣ್ಣು ಮಗು 2.4 ಕಿಲೋಗ್ರಾಂ ಇತ್ತು, ಆರು ತಿಂಗಳಿಗೆ 6.5, ವರ್ಷಕ್ಕೆ 8.2 ಆಯಿತು ಎಂದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆಯ ನಕ್ಷೆಯಲ್ಲಿ ವರ್ಷದ ಹೆಣ್ಣು ಮಗುವಿನ ನಡುರೇಖೆ (ಅರ್ಧದಷ್ಟು ಮಕ್ಕಳು ಇದಕ್ಕಿಂತ ಕೆಳಗಿರುವ ಗೆರೆ) 8.9, ಅದಕ್ಕಿಂತ ಕೆಳಗಿದ್ದರೂ ಈ ಮಗು ಹುಟ್ಟಿದಾಗ ಇದ್ದ ತಳರೇಖೆಯಿಂದ (ಸಾಮಾನ್ಯ ಬೆಳವಣಿಗೆಯ ಕೆಳಗಿನ ಮಿತಿ) ಸಾಕಷ್ಟು ಮೇಲೆ ಬಂದಿದೆ, ಚೆನ್ನಾಗಿ ಬೆಳೆಯುತ್ತಿದೆ. ಬೊಜ್ಜಿರುವ ತಾಯಿಯ ಗಂಡು ಮಗು 4.2 ಕಿಲೋಗ್ರಾಂನಲ್ಲಿ ಹುಟ್ಟಿ ಆರು ತಿಂಗಳಿಗೆ 8, ವರ್ಷಕ್ಕೆ 9.7 ತೂಗಿದರೆ ಮನೆಯವರು ಮಗು ಬಡವಾಯಿತೆಂದು ಕೊರಗುತ್ತಾರೆ. ಉದ್ದ ಸರಿಯಾಗಿ ಬೆಳೆಯುತ್ತಿದ್ದು ಮಗು ಚಟುವಟಿಕೆಯಿಂದಿದ್ದರೆ ಅದು ನಡುರೇಖೆಗೆ ಬಂದು ನಿಂತಿದೆಯಷ್ಟೆ. ಅದನ್ನು ಮತ್ತೆ ಮೇಲಕ್ಕೆತ್ತಲು ಒತ್ತಾಯದಿಂದ ತಿನ್ನಿಸುವುದು ತಪ್ಪು. ಹಾಗೆಯೇ ಮೊದಲು ಹೇಳಿದ ಹೆಣ್ಣು ಮಗುವಿನ ವಿಷಯದಲ್ಲಿ, ಉದ್ದ ಬೆಳೆಯದೆ ಬರೀ ತೂಕ ವೇಗವಾಗಿ ಏರಿದರೆ ಮುಂದೆ ಬೊಜ್ಜಿಗೆ ಅದೇ ಹಾದಿಯಾಗಬಹುದು.

ಅದಕ್ಕೇ ತೂಕದ ಜೊತೆ ಉದ್ದವನ್ನೂ ಬರೆಯಿರಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಮಗು ಯಂತ್ರದ ಮೇಲೆ ನಿಲ್ಲದಿದ್ದರೆ ತಾಯಿ ಮಗುವನ್ನೆತ್ತಿಕೊಂಡು ಒಮ್ಮೆ, ಒಬ್ಬರೇ ಒಮ್ಮೆ ತೂಗಿ ಕಳೆಯಬಹುದು, ಎರಡು ಪುಟಕ್ಕೂ ಅಂಕಿ ಒಮ್ಮೆಗೇ ಸಿಗುತ್ತದೆ. ಆದರೆ ಎಳೆಗೂಸಿಗೆ ಈ ಲೆಕ್ಕ ಒರಟಾಗುವುದರಿಂದ ಮಕ್ಕಳ ತಕ್ಕಡಿಯೇ ಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು, ಎರಡು ವರ್ಷದವರೆಗೂ ಆ ವಯಸ್ಸಿನ ಎದುರಿಗೇ ಗುರುತು ಹಾಕಿ. ಮೊದಲ ದಿನಗಳಲ್ಲಿ ಮಗು ಸ್ವಲ್ಪ ತೂಕ ಕಳೆದುಕೊಂಡು ಎರಡು ವಾರದೊಳಗೆ ಮರಳಿ ಪಡೆಯುತ್ತದೆ. ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡರೆ ತಡಮಾಡದೆ ತೋರಿಸಬೇಕು.

ಹೆರಿಗೆಯಾದ ಮೇಲೆ ಎಡ ಪುಟವನ್ನು ನಿಲ್ಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು, ನನಗೆ ಅತಿ ಹೆಚ್ಚು ನೋವುಂಟುಮಾಡುವ ತಪ್ಪೂ ಅದೇ. ತೆಳ್ಳಗಿನ ತಾಯಿಗೆ ಹಾಲು ಸಾಲದೆಂದು ಅವಸರದಿಂದ ಬಾಟಲಿ ಹಿಡಿಯುತ್ತಾರೆ. ವಾಸ್ತವದಲ್ಲಿ ಆಕೆಯ ದೇಹ ತನ್ನ ಸಂಗ್ರಹವನ್ನು ಕರಗಿಸಿಯಾದರೂ ಹಾಲು ಕೊಡುತ್ತದೆ, ಸವೆಯುವುದು ಆಕೆ. ಹಾಲುಣಿಸುವಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಬೇಕಾಗುವುದರಿಂದ ಅವರಿಗೆ ಊಟ ಹೆಚ್ಚಿಸುವುದೇ ಮೊದಲ ಚಿಕಿತ್ಸೆ. ಬೊಜ್ಜಿರುವ ತಾಯಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು; ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಿ, ಮತ್ತೆ ಮತ್ತೆ ಹಚ್ಚುತ್ತಿದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬ ಸಲಹೆ ಎಲ್ಲ ತೂಕದ ತಾಯಂದಿರಿಗೂ ಒಂದೇ.

ಮಗುವಿನ ತೂಕದ ರೇಖೆ ಎರಡು ಮೂರು ಅಳತೆಗಳಲ್ಲಿ ಸತತವಾಗಿ ಚಪ್ಪಟೆಯಾಗಿದ್ದರೆ, ಉದ್ದದ ರೇಖೆ ಕೆಳಗಿಳಿಯುತ್ತಿದ್ದರೆ, ಅಥವಾ ಎರಡರಲ್ಲೊಂದು ತಳರೇಖೆಗಿಂತ ಕೆಳಗಿಳಿದರೆ ನೋಟ್‌ಬುಕ್ಕನ್ನು ವೈದ್ಯರ ಮುಂದಿಟ್ಟು ಎರಡೂ ಪುಟಗಳನ್ನು ತೋರಿಸಿ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಹೆರಿಗೆಯಿಂದ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿಟ್ಟು, ಆ ಅವಧಿಯಲ್ಲಿ ಎಡ ಪುಟದ ಕೊನೆಯ ಅಂಕಿಯನ್ನು ಮೊದಲ ಸಾಲಿನ ಅಂಕಿಯೊಂದಿಗೆ ಹೋಲಿಸಿ ನೋಡಿ: ಮುಂದಿನ ಮಗುವಿನ ಲೆಕ್ಕ ಶುರುವಾಗುವುದು ಆ ಅಂಕಿಯಿಂದ.