ಹನ್ನೆರಡನೇ ದಿನಕ್ಕೆ ಖಾಲಿಯಾದ ಕೃತಜ್ಞತೆ

2024ರ ಜನವರಿ 1ಕ್ಕೆ ಶುರು ಮಾಡಿದ್ದೆ. ದಿನಾ ಮಲಗುವ ಮುಂಚೆ ಡೈರಿಯಲ್ಲಿ ಮೂರು ಸಾಲು, ಇವತ್ತು ಏನೇನು ಒಳ್ಳೆಯದಾಯಿತು ಅಂತ. ಮೊದಲ ವಾರ ಭಾರಿ ಹುಮ್ಮಸ್ಸು. ಹನ್ನೆರಡನೇ ದಿನ ನೋಡಿದರೆ ‘ಆರೋಗ್ಯ, ಮನೆ, ಕಾಫಿ’. ಹಿಂದಿನ ದಿನವೂ ಅದೇ, ಅದರ ಹಿಂದಿನ ದಿನವೂ ಅದೇ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗೆ. ಸಂಕ್ರಾಂತಿ ಎಳ್ಳುಬೆಲ್ಲ ಮುಗಿಯುವಷ್ಟರಲ್ಲಿ ಡೈರಿ ಬೀರು ಸೇರಿತ್ತು.

ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತಲ್ಲ, ನಮ್ಮ ಬಿಲ್ಡಿಂಗಿನ ಬೋರ್‌ವೆಲ್ಲೂ ಕೈಕೊಟ್ಟಿತು. ಟ್ಯಾಂಕರ್‌ಗೆ ಫೋನ್ ಮಾಡಿ ಕಾಯುವುದು, ಅರ್ಧ ಬಕೆಟ್‌ನಲ್ಲಿ ಸ್ನಾನ, ಅಕ್ಕಿ ತೊಳೆದ ನೀರು ತುಳಸಿಗೆ. ಕಾವೇರಿ ನೀರು ಬರುತ್ತಿದ್ದದ್ದು ವಾರಕ್ಕೆ ಎರಡು ಸಲ, ಅದೂ ಬೆಳಗಿನ ಜಾವ. ಒಂದು ದಿನ ನಾಲ್ಕು ಗಂಟೆಗೆ ಎದ್ದು, ನೆಲದಡಿಯ ಸಂಪ್‌ನೊಳಗೆ ನೀರು ಬೀಳುವ ಸದ್ದು ಕೇಳುತ್ತಾ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ. ಇದು ಎಲ್ಲಿಂದ ಬರುತ್ತದೆ ಅಂತ ಅವತ್ತು ಮೊದಲ ಸಲ ಹುಡುಕಿದೆ, ಇಷ್ಟು ವರ್ಷ ಕುಡಿದ ಮೇಲೆ! ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ, ಹತ್ತಿರ ಹತ್ತಿರ 100 ಕಿ.ಮೀ. ದೂರ. ಅಲ್ಲೊಮ್ಮೆ, ಆಮೇಲೆ ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. ಆ ರಾತ್ರಿ ಡೈರಿ ಹೊರಗೆ ತೆಗೆದು ‘ನೀರು ಬಂತು’ ಅಂತ ಬರೆದೆ. ಕೆಳಗೆ, ಹೇಗೆ ಬಂತು ಅಂತ ಒಂದು ಪುಟ.

ಆಮೇಲೆ ಗೊತ್ತಾಯಿತು, ನಾನು ಅರ್ಧ ಅಭ್ಯಾಸವನ್ನೇ ಬಿಟ್ಟಿದ್ದೆ ಅಂತ. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಒಳ್ಳೆಯ ಸಂಗತಿ ಬರೆಯುವುದರ ಜೊತೆಗೆ, ಅದು ಯಾಕೆ ಆಯಿತು ಅಂತಲೂ ಬರೆಯಬೇಕಿತ್ತು. ಅದೂ ಒಂದೇ ವಾರ. ‘ಯಾಕೆ’ ಇಲ್ಲದೆ ಬರೆದರೆ ಅದು ದಿನಸಿ ಚೀಟಿ ಅಷ್ಟೆ.

ಈಗ ನಾನು ಬರೆಯುವುದು ಭಾನುವಾರ ಮಾತ್ರ, ಒಂದೇ ಸಂಗತಿ. ಅದು ನನ್ನ ಕೈಗೆ ಬರುವ ಮುಂಚೆ ಯಾರ್ಯಾರ ಕೈ ದಾಟಿತು ಅಂತ ಹಿಂದಕ್ಕೆ ಹೋಗುತ್ತೇನೆ. ಅದೇ ಕಾಫಿ, ಹಣ್ಣು ಬಿಡಿಸಿದವರು, ಒಣಗಿಸಿದವರು, ಹುರಿದವರು, ಐದೂವರೆಗೆ ಹಾಲು ಇಟ್ಟು ಹೋಗುವ ಹುಡುಗ ಅಂತ ಬಿಚ್ಚಿಕೊಂಡಾಗ ಪುಟ ಸಾಲಲಿಲ್ಲ.

ಬರೆದದ್ದನ್ನು ಬಾಯಲ್ಲಿ ಹೇಳುವುದು ಮಾತ್ರ ಕಷ್ಟ. ನಮ್ಮ ಮನೆಗಳಲ್ಲಿ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಅಮ್ಮನಿಗೆ ಒಂದು ಸಲ ಹೇಳಿದ್ದಕ್ಕೆ ‘ಯಾಕೋ, ಹುಷಾರಿಲ್ವಾ?’ ಅಂದರು. ಈಗ ಆ ಪದದ ಗೋಜಿಗೇ ಹೋಗುವುದಿಲ್ಲ. ‘ಮೊನ್ನೆ ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಸರಿಯಾಗಿ ಬಿದ್ದಿತ್ತಮ್ಮ, ಆಫೀಸಲ್ಲಿ ಡಬ್ಬಿ ನೆಕ್ಕಿದೆ’ ಅನ್ನುತ್ತೇನೆ. ಅವರ ಮುಖ ನೋಡಬೇಕು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಂಬಳ ಜಾಸ್ತಿ ಕೇಳಿದಾಗ ‘ಇರುವುದಕ್ಕೆ ಕೃತಜ್ಞರಾಗಿರಿ’ ಅನ್ನುತ್ತಾರಲ್ಲ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಟ್ಯಾಂಕರ್‌ನವನು ದುಪ್ಪಟ್ಟು ದುಡ್ಡು ಕೇಳಿದಾಗ ನಾನು ಚೆನ್ನಾಗಿಯೇ ಜಗಳ ಆಡಿದ್ದೇನೆ, ಅದೇ ವಾರ ನೀರಿನ ಬಗ್ಗೆ ಪುಟಗಟ್ಟಲೆ ಬರೆದೂ ಇದ್ದೇನೆ.

ಕೊನೆಗೊಂದು ದಿನ, ನಮ್ಮ ಬೀದಿಯ ವಾಲ್ವ್ ತಿರುಗಿಸುವ ವಾಟರ್‌ಮನ್‌ನನ್ನು ಹುಡುಕಿಕೊಂಡು ಬೆಳಗಿನ ಜಾವ ಹೋದೆ. ಉದ್ದನೆಯ ಕಬ್ಬಿಣದ ಕೀ ಹಿಡಿದು ಬಗ್ಗಿದ್ದವರು ನನ್ನನ್ನು ಕಂಡದ್ದೇ ನೆಟ್ಟಗೆ ನಿಂತರು.

‘ಯಾಕ್ ಸಾರ್, ನಿಮ್ಮನೇಗೆ ಬರ್ಲಿಲ್ವಾ?’

‘ಬಂತು, ಚೆನ್ನಾಗೇ ಬಂತು. ಅದನ್ನ ಹೇಳೋಣ ಅಂತ ಬಂದೆ.’

ಅವರು ನಂಬಲಿಲ್ಲ. ಟಾರ್ಚ್ ಹಿಡಿದು ನಮ್ಮ ಗೇಟಿನ ತನಕ ಬಂದು, ಸಂಪಿನ ಮುಚ್ಚಳ ಎತ್ತಿ ನೋಡಿಯೇ ಹೋದರು.